ಹಳೆಯ ಲ್ಯಾಪ್‌ಟಾಪ್ ಬಿಟ್ಟು ಟ್ಯಾಬ್ ಕೊಂಡರೆ ಸಾಕಾಗುತ್ತದೆಯೇ?

ಪ್ರಶ್ನೆ: ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಏಳು ವರ್ಷ ಹಳೆಯದು, 4 ಜಿಬಿ ರ‍್ಯಾಮ್, ಒಳಗೆ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕೆಲಸ ಶುರುಮಾಡುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ನನ್ನ ಸಣ್ಣ ವ್ಯಾಪಾರದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತೇನೆ. ಬಿಲ್ ತಯಾರಿಸಲು ಪರಿಚಯದವರು ಬರೆದುಕೊಟ್ಟ ಮ್ಯಾಕ್ರೊ (ಬಟನ್ ಒತ್ತಿದರೆ ಹಲವು ಹೆಜ್ಜೆಗಳನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಂ) ಅದರಲ್ಲಿದೆ. ತಿಂಗಳಿಗೊಮ್ಮೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿ ಕೆಲವು ಕಾಗದಪತ್ರಗಳಿಗೆ ಸಹಿ ಮಾಡಬೇಕು. ಪ್ರಿಂಟರ್ ಕೂಡ ಹಳೆಯದು, ವೈರ್‌ನಲ್ಲಿ ನಡೆಯುವಂಥದ್ದು. ಮಗಳು ಈ ವರ್ಷ ಎಂಜಿನಿಯರಿಂಗ್ ಸೇರುತ್ತಿದ್ದಾಳೆ. ನೋಟ್ಸ್ ಬರೆಯಲು ಪೆನ್ ಇರುವ ಟ್ಯಾಬ್ ಬೇಕು ಎನ್ನುತ್ತಾಳೆ. ಸ್ನೇಹಿತರೊಬ್ಬರು, “ಈಗಿನ ಟ್ಯಾಬ್‌ಗೂ ಲ್ಯಾಪ್‌ಟಾಪ್‌ಗೂ ಒಂದೇ ಚಿಪ್. ಕೀಬೋರ್ಡ್ ಹಾಕಿದರೆ ಅದೇ ಲ್ಯಾಪ್‌ಟಾಪ್. ವೈರಸ್ ಕಾಟವೂ ಇಲ್ಲ” ಎನ್ನುತ್ತಾರೆ. ತಮ್ಮನದು ಇನ್ನೊಂದು ರಾಗ: “ಟ್ಯಾಬ್ ಇರುವುದು ಸಿನಿಮಾ ನೋಡಲಿಕ್ಕೆ.” ನಾನು ಕೊಳ್ಳಲು ಸಾಧ್ಯವಿರುವುದು ಒಂದೇ ಸಾಧನ. ಯಾರ ಮಾತು ಕೇಳಲಿ? ಕಣ್ಣಿಗೆ ಯಾವುದರಿಂದ ತೊಂದರೆ ಕಡಿಮೆ ಎನ್ನುವುದನ್ನೂ ತಿಳಿಸಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳು ಬೆರೆತುಹೋಗಿವೆ. ಲ್ಯಾಪ್‌ಟಾಪ್ ನಿಧಾನವಾಗಿದೆ ಎನ್ನುವುದು ಒಂದು, ಮಗಳಿಗೆ ಬರೆಯಲು ಅನುಕೂಲ ಬೇಕು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಟ್ಯಾಬ್ ಒಳ್ಳೆಯ ಪರಿಹಾರ, ಮೊದಲನೆಯದಕ್ಕೆ ಅಲ್ಲ. ನೀವು ಹೇಳಿದ ಮ್ಯಾಕ್ರೊ, ಟೋಕನ್, ವೈರ್ ಪ್ರಿಂಟರ್ ಈ ಮೂರೂ ಐಪ್ಯಾಡ್‌ನಲ್ಲಾಗಲಿ ಆಂಡ್ರಾಯ್ಡ್ ಟ್ಯಾಬ್‌ನಲ್ಲಾಗಲಿ ನಡೆಯುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ಹಾಗೆಂದು ತಮ್ಮನವರ ಮಾತನ್ನೂ ಒಪ್ಪಲಾಗದು. ಕೆಲವು ಕೆಲಸಗಳಲ್ಲಿ ಟ್ಯಾಬ್ ಲ್ಯಾಪ್‌ಟಾಪನ್ನು ಹಿಂದೆ ಹಾಕುತ್ತದೆ.

ಚಿಪ್ ಒಂದೇ ಆದರೆ ಸಾಲದು

ಸ್ನೇಹಿತರು ಚಿಪ್ ಬಗ್ಗೆ ಹೇಳಿದ್ದು ಸುಳ್ಳಲ್ಲ. ಆಪಲ್‌ನ ಎಂ1 ಚಿಪ್ 2020ರ ಕೊನೆಗೆ ಮ್ಯಾಕ್‌ಬುಕ್ ಏರ್‌ನಲ್ಲಿ ಬಂತು, 2021ರಲ್ಲಿ ಅದೇ ಚಿಪ್ ಐಪ್ಯಾಡ್ ಪ್ರೊ ಒಳಗೂ ಕೂತಿತು. ಎರಡರಲ್ಲೂ ಫ್ಯಾನ್ ಇಲ್ಲ, ಎರಡರಲ್ಲೂ ರ‍್ಯಾಮ್ 8 ಅಥವಾ 16 ಜಿಬಿ. ಆದರೂ ಮ್ಯಾಕ್‌ಬುಕ್‌ನಲ್ಲಿ ಎಕ್ಸೆಲ್ ಮ್ಯಾಕ್ರೊ ಓಡುತ್ತದೆ; ಐಪ್ಯಾಡ್‌ನಲ್ಲಿ ಅದೇ ಫೈಲ್ ತೆರೆದರೆ ಅಂಕಿಗಳೆಲ್ಲ ಸರಿಯಾಗಿ ಕಾಣುತ್ತವೆ, ಬಿಲ್ ತಯಾರಿಸುವ ಬಟನ್ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಮೈಕ್ರೊಸಾಫ್ಟ್ 2012ರಲ್ಲಿ ತಂದ ಸರ್ಫೇಸ್ ಆರ್‌ಟಿ ಟ್ಯಾಬ್‌ನ ಕಥೆ ಇದಕ್ಕೆ ತಿರುಗುಮುರುಗು. ನೋಡಲು ಅಪ್ಪಟ ವಿಂಡೋಸ್, ಡೆಸ್ಕ್‌ಟಾಪ್ ಕೂಡ ಇತ್ತು. ಆದರೆ ಜನ ವರ್ಷಗಳಿಂದ ಬಳಸುತ್ತಿದ್ದ ವಿಂಡೋಸ್ ಪ್ರೋಗ್ರಾಂಗಳನ್ನು ಅದರಲ್ಲಿ ಹಾಕಲು ಬರುತ್ತಿರಲಿಲ್ಲ. ಮಾರಾಟವಾಗದೆ ಉಳಿದ ದಾಸ್ತಾನಿಗಾಗಿ ಕಂಪನಿ ಮರುವರ್ಷವೇ 90 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು.

ಸಾಧನದಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತೀರ್ಮಾನಿಸುವುದು ಅದರ ಆಪರೇಟಿಂಗ್ ಸಿಸ್ಟಂ. ಐಪ್ಯಾಡ್ ಮತ್ತು ಆಂಡ್ರಾಯ್ಡ್ ಟ್ಯಾಬ್‌ಗಳದ್ದು ಫೋನಿನ ಮನೆತನ. ಅಲ್ಲಿ ಪ್ರತಿ ಆ್ಯಪ್‌ಗೂ ಬೀಗ ಹಾಕಿದ ಒಂದೊಂದು ಕೋಣೆ. ಒಂದು ಆ್ಯಪ್ ಇನ್ನೊಂದರ ಫೈಲ್‌ಗಳನ್ನು ಮುಟ್ಟುವಂತಿಲ್ಲ, ಸಿಸ್ಟಂನ ಒಳಗೆ ಹೊಸ ಡ್ರೈವರ್ (ಹೊರಗಿನ ಸಾಧನವನ್ನು ನಡೆಸುವ ಪ್ರೋಗ್ರಾಂ) ಕೂರಿಸುವಂತಿಲ್ಲ. ವಿಂಡೋಸ್ ಹಾಗಲ್ಲ, ನೀವು ಒಪ್ಪಿಗೆ ಕೊಟ್ಟರೆ ಪ್ರೋಗ್ರಾಂ ಒಂದು ಸಿಸ್ಟಂನ ಆಳದವರೆಗೂ ಹೋಗಬಲ್ಲದು. ಕಂಪ್ಯೂಟರ್‌ನ ಶಕ್ತಿಯೂ ಅದೇ, ಅಪಾಯವೂ ಅದೇ.

ನಿಮ್ಮ ಟೋಕನ್ ಟ್ಯಾಬ್‌ನಲ್ಲಿ ಸೋಲುವುದು ಈ ಕಾರಣಕ್ಕೇ. ಸಹಿಯ ಗುಪ್ತ ಕೀ ಟೋಕನ್‌ನ ಒಳಗೇ ಇರುತ್ತದೆ, ಹೊರಗೆ ನಕಲು ಮಾಡಲು ಬರುವುದಿಲ್ಲ. ಅದರೊಂದಿಗೆ ಮಾತನಾಡಲು ಒಂದು ಡ್ರೈವರ್, ಬ್ರೌಸರ್‌ಗೂ ಟೋಕನ್‌ಗೂ ನಡುವೆ ನಿಲ್ಲುವ ಒಂದು ಸಹಾಯಕ ಪ್ರೋಗ್ರಾಂ ಬೇಕು. ಇವು ಸಾಮಾನ್ಯವಾಗಿ ವಿಂಡೋಸ್‌ಗೆ ಮೊದಲು ಸಿದ್ಧವಾಗುತ್ತವೆ, ಟ್ಯಾಬ್‌ಗೆ ಹೆಚ್ಚಾಗಿ ಸಿದ್ಧವಾಗುವುದೇ ಇಲ್ಲ. ಯುಎಸ್‌ಬಿ ಸಿ ಅಡಾಪ್ಟರ್ ತಂದು ಟೋಕನ್ ಹಾಕಿದರೆ ದೀಪ ಹೊತ್ತುತ್ತದೆ, ಅಷ್ಟೇ. ವೈರ್ ಪ್ರಿಂಟರ್‌ನ ಹಣೆಬರಹವೂ ಹೆಚ್ಚುಕಡಿಮೆ ಇದೇ. ಡ್ರೈವರ್ ಇಲ್ಲದೆ ವೈ-ಫೈ ಮೂಲಕ ಮುದ್ರಿಸುವ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ವ್ಯವಸ್ಥೆ ಇರುವ ಪ್ರಿಂಟರ್‌ಗಳನ್ನು ಟ್ಯಾಬ್ ತಾನಾಗಿ ಗುರುತಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ವೈರ್ ಮೂಲಕವೂ ಮುದ್ರಿಸುವ ಮಾದರಿಗಳು ಇಲ್ಲವೆಂದಲ್ಲ, ಆದರೆ ಅದನ್ನು ನಂಬಿ ಟ್ಯಾಬ್ ಕೊಳ್ಳಬೇಡಿ.

ಮ್ಯಾಕ್ರೊ ವಿಷಯದಲ್ಲಿ ಒಂದು ಎಚ್ಚರಿಕೆ. ಮ್ಯಾಕ್ರೊ ಇರುವ ಫೈಲ್‌ನ ಹೆಸರು ಸಾಮಾನ್ಯವಾಗಿ ಎಕ್ಸ್‌ಎಲ್‌ಎಸ್‌ಎಂ ಎಂದು ಕೊನೆಯಾಗುತ್ತದೆ. ಟ್ಯಾಬ್‌ನಲ್ಲೋ ಬೇರೆ ಆ್ಯಪ್‌ನಲ್ಲೋ ತಿದ್ದಿ ಅದನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿದರೆ ಆ ಪ್ರತಿಯಲ್ಲಿ ಮ್ಯಾಕ್ರೊ ಅಳಿದುಹೋಗಿರುತ್ತದೆ. ಮೂಲ ಫೈಲ್‌ನ ಒಂದು ಪ್ರತಿ ಬೇರೆ ಕಡೆ ಇರಲಿ. ಇನ್ನೊಂದು, ಪರದೆ 10.1 ಇಂಚಿಗಿಂತ ದೊಡ್ಡದಾದರೆ ಎಕ್ಸೆಲ್, ವರ್ಡ್ ಆ್ಯಪ್‌ಗಳಲ್ಲಿ ಫೈಲ್ ತಿದ್ದಲು ಮೈಕ್ರೊಸಾಫ್ಟ್ 365 ಚಂದಾ ಕೇಳುತ್ತದೆ. ಚಿಕ್ಕ ಪರದೆಯಲ್ಲಿ ಸಾಮಾನ್ಯ ತಿದ್ದುಪಡಿ ಉಚಿತ. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

ಪುಕ್ಕಟೆ ಪರೀಕ್ಷೆ

ಟ್ಯಾಬ್ ಕೊಳ್ಳುವ ಮೊದಲು ಅದರ ಮಿತಿಯನ್ನು ತಿಳಿಯಲು ದಾರಿಯೊಂದಿದೆ, ಅದಕ್ಕೆ ಬೇಕಾದ ಸಾಧನ ಈಗಾಗಲೇ ನಿಮ್ಮ ಜೇಬಿನಲ್ಲಿದೆ. ಆಂಡ್ರಾಯ್ಡ್ ಫೋನಿನಲ್ಲಿ ಆಗದ ಕೆಲಸ ಆಂಡ್ರಾಯ್ಡ್ ಟ್ಯಾಬ್‌ನಲ್ಲೂ ಬಹುಮಟ್ಟಿಗೆ ಆಗದು. ಐಫೋನ್, ಐಪ್ಯಾಡ್‌ಗೂ ಇದೇ ಮಾತು. ಐಪ್ಯಾಡ್‌ನಲ್ಲಿ ಕಿಟಕಿಗಳ ಅನುಕೂಲ ಸ್ವಲ್ಪ ಹೆಚ್ಚು. ಒಂದು ಬ್ಲೂಟೂತ್ ಕೀಬೋರ್ಡ್ ಎರವಲು ತಂದು ಫೋನಿಗೆ ಜೋಡಿಸಿ, ನಿಮ್ಮ ವಾರದ ಕೆಲಸಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದನ್ನು ಮಾಡಲು ನೋಡಿ. ದಿನಾ ಮಾಡುವ ಹಗುರ ಕೆಲಸವಲ್ಲ, ಕಷ್ಟದ್ದೇ ಆಗಬೇಕು. ಪರದೆ ಚಿಕ್ಕದೆಂದು ಕಿರಿಕಿರಿಯಾದರೆ ಪರವಾಗಿಲ್ಲ, ಟ್ಯಾಬ್ ಅದನ್ನು ಸರಿಮಾಡುತ್ತದೆ. ಕೆಲಸವೇ ಮುಂದೆ ಹೋಗದಿದ್ದರೆ ಟ್ಯಾಬ್‌ನಲ್ಲೂ ಹೋಗುವುದಿಲ್ಲ. ಬರೀ ಮೇಲ್, ವಿಡಿಯೊ ಕರೆ, ಪಿಡಿಎಫ್, ಬ್ಯಾಂಕ್ ವ್ಯವಹಾರ, ಪತ್ರ ಬರೆಯುವುದು ಇಷ್ಟೇ ಇರುವವರು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಾರೆ. ಅಂಥವರಿಗೆ ಟ್ಯಾಬ್ ಒಂದೇ ಸಾಕು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

8 ಜಿಬಿ ಎಂದರೆ ಎರಡರಲ್ಲೂ ಒಂದೇ ಅಲ್ಲ

ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ತುಂಬಿದರೆ ವಿಂಡೋಸ್ ಸದ್ಯಕ್ಕೆ ಬೇಡದ ಭಾಗವನ್ನು ಡಿಸ್ಕ್‌ಗೆ ಸಾಗಿಸುತ್ತದೆ. ನಿಧಾನವಾಗುತ್ತದೆ, ಆದರೆ ತೆರೆದದ್ದು ತೆರೆದೇ ಇರುತ್ತದೆ. ಟ್ಯಾಬ್ ಬ್ಯಾಟರಿ ಉಳಿಸಬೇಕು, ಬೆರಳಿಗೆ ತಕ್ಷಣ ಸ್ಪಂದಿಸಬೇಕು. ಅದಕ್ಕಾಗಿ ಹಿಂದೆ ಸರಿದ ಆ್ಯಪನ್ನು ಮುಲಾಜಿಲ್ಲದೆ ಮುಚ್ಚಿಬಿಡುತ್ತದೆ. ಬ್ರೌಸರ್‌ನಲ್ಲಿ ಉದ್ದನೆಯ ಅರ್ಜಿ ತುಂಬುತ್ತಿದ್ದವರು ಫೋಟೊ ಹುಡುಕಲು ಗ್ಯಾಲರಿಗೆ ಹೋಗಿ, ಗಾತ್ರ ಕಡಿಮೆ ಮಾಡಲು ಇನ್ನೊಂದು ಆ್ಯಪ್‌ಗೆ ಹೋಗಿ ವಾಪಸು ಬಂದರೆ ಪುಟ ಮೊದಲಿನಿಂದ ತೆರೆದುಕೊಳ್ಳುತ್ತದೆ, ತುಂಬಿದ್ದೆಲ್ಲ ಮಾಯ. ದೊಡ್ಡ ವಿಡಿಯೊವನ್ನು ಕ್ಲೌಡ್‌ಗೆ ಏರಿಸಲು ಬಿಟ್ಟು ಬೇರೆ ಆ್ಯಪ್ ತೆರೆದಾಗ ಅದು ಅರ್ಧಕ್ಕೆ ನಿಲ್ಲುವುದೂ ಇದೇ ಕಾರಣಕ್ಕೆ. ಆ್ಯಪ್ ಕೆಟ್ಟಿದೆ ಎಂದು ಅಳಿಸಿ ಮತ್ತೆ ಹಾಕುವವರೇ ಹೆಚ್ಚು. ಏರಿಕೆ ಮುಗಿಯುವವರೆಗೆ ಅದೇ ಆ್ಯಪ್ ಎದುರಿಗಿರಲಿ, ಪರದೆ ಆರದಿರಲಿ. ಇಷ್ಟು ನೋಡಿಕೊಂಡರೆ ಸಾಕು.

ಪೆಟ್ಟಿಗೆಯ ಮೇಲೆ “8 + 8 ಜಿಬಿ ರ‍್ಯಾಮ್” ಎಂದು ಬರೆದಿದ್ದರೆ ಮೊದಲಿನ 8 ಮಾತ್ರ ರ‍್ಯಾಮ್. ಎರಡನೆಯದು ಸ್ಟೋರೇಜ್‌ನಿಂದ ಕಡ ತಂದ ಜಾಗ, ವೇಗ ಅದಕ್ಕೆ ಹತ್ತಿರವೂ ಬರುವುದಿಲ್ಲ. ಸ್ಟೋರೇಜ್‌ನಲ್ಲೂ ಎರಡು ಜಾತಿ ಇವೆ. ಅಗ್ಗದ ಟ್ಯಾಬ್‌ಗಳಲ್ಲಿರುವುದು ಇಎಂಎಂಸಿ. ಒಂದು ಸಲಕ್ಕೆ ಓದುವ ಕೆಲಸ ಅಥವಾ ಬರೆಯುವ ಕೆಲಸ, ಎರಡರಲ್ಲಿ ಒಂದನ್ನಷ್ಟೇ ಮಾಡಬಲ್ಲದು. ಯುಎಫ್ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹೊಸದರಲ್ಲಿ ಚುರುಕಾಗಿದ್ದ ಅಗ್ಗದ ಟ್ಯಾಬ್ ಎರಡನೇ ವರ್ಷಕ್ಕೆ ತೆವಳುವುದು ಬಹಳ ಸಲ ತುಂಬಿದ ಇಎಂಎಂಸಿಯಿಂದ.

ಫೈಲ್‌ಗಳ ಗೋಜಲು

ಟ್ಯಾಬ್‌ಗೆ ಹೊಸದಾಗಿ ಬಂದವರು ಹೆಚ್ಚು ಪೆಟ್ಟು ತಿನ್ನುವ ಜಾಗ ಇದು. ವಾಟ್ಸ್‌ಆ್ಯಪ್‌ನಲ್ಲೋ ಮೇಲ್‌ನಲ್ಲೋ ಬಂದ ಫೈಲನ್ನು ಅಲ್ಲಿಂದಲೇ ತೆರೆದು ತಿದ್ದುತ್ತಾರೆ. ತಿದ್ದಿದ್ದು ಮೂಲದಲ್ಲಲ್ಲ, ಆ್ಯಪ್ ತನ್ನ ಕೋಣೆಗೆ ಎಳೆದುಕೊಂಡ ನಕಲಿನಲ್ಲಿ. ಮರುದಿನ ವಾಟ್ಸ್‌ಆ್ಯಪ್‌ನಿಂದ ತೆರೆದರೆ ಹಳೆಯದೇ ಕಾಣುತ್ತದೆ. ಆದ್ದರಿಂದ ಮೊದಲು ಫೈಲ್ಸ್ ಆ್ಯಪ್‌ನಲ್ಲಿ ನೀವೇ ಮಾಡಿದ ಒಂದು ಫೋಲ್ಡರ್‌ಗೆ ಉಳಿಸಿ, ಆ ಫೋಲ್ಡರ್‌ನಿಂದ ತೆರೆದು ತಿದ್ದಿ. ಇದೊಂದು ಅಭ್ಯಾಸವಾದರೆ ಅರ್ಧ ಗೋಜಲು ಕಡಿಮೆ.

ಪೆನ್‌ಡ್ರೈವ್, ಹೊರಗಿನ ಡಿಸ್ಕ್ ಟ್ಯಾಬ್‌ಗೂ ಕಂಪ್ಯೂಟರ್‌ಗೂ ಸಮಾನವಾಗಿ ಆಗಬೇಕಾದರೆ ಅದನ್ನು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಎನ್‌ಟಿಎಫ್ಎಸ್ ಡಿಸ್ಕ್‌ಗೆ ಬರೆಯಲು ಹೆಚ್ಚಿನ ಟ್ಯಾಬ್‌ಗಳಿಗೆ ಬರುವುದಿಲ್ಲ. ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿನದೆಲ್ಲ ಹೋಗುತ್ತದೆ, ಮೊದಲು ಬೇರೆ ಕಡೆ ನಕಲಿಸಿಕೊಳ್ಳಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು. ಯೂನಿಕೋಡ್‌ಗೆ ಮೊದಲಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ಟ್ಯಾಬ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಏಕೆಂದರೆ ಆ ಫಾಂಟ್ ಅಲ್ಲಿಲ್ಲ, ಸುಲಭವಾಗಿ ಹಾಕಲೂ ಆಗದು. ಲ್ಯಾಪ್‌ಟಾಪ್ ಇರುವಾಗಲೇ ಅವನ್ನೆಲ್ಲ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಅಥವಾ ಪಿಡಿಎಫ್ ಮಾಡಿಡಿ.

ವೈರಸ್ ಇಲ್ಲವೇ?

ಬೀಗ ಹಾಕಿದ ಕೋಣೆಗಳಿಂದ ಲಾಭವಾಗುವುದು ಇಲ್ಲಿ. ಒಂದು ಫೈಲ್ ತೆರೆದ ಮಾತ್ರಕ್ಕೆ ಇಡೀ ಯಂತ್ರಕ್ಕೆ ಹರಡುವ ಹಳೆಯ ಬಗೆಯ ವೈರಸ್ ಟ್ಯಾಬ್‌ನಲ್ಲಿ ಅಪರೂಪ. ಆದರೆ ಮೋಸದ ಲಿಂಕ್‌ಗೆ ಪಾಸ್‌ವರ್ಡ್ ಕೊಟ್ಟರೆ ಯಾವ ಸಾಧನವೂ ಕಾಪಾಡುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲ್ (ಆ್ಯಪ್ ಸ್ಟೋರ್ ಬಿಟ್ಟು ನೇರವಾಗಿ ಹಾಕುವ ಆ್ಯಪ್) ಹಾಕಿ, ಅದು ಕೇಳುವ ಆ್ಯಕ್ಸೆಸಿಬಿಲಿಟಿ ಅನುಮತಿ ಕೊಟ್ಟರೆ ಪರದೆಯ ಮೇಲಿನದೆಲ್ಲವನ್ನೂ ಅದು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಕೂಡ ಒತ್ತಬಲ್ಲದು. ಭದ್ರತಾ ಅಪ್‌ಡೇಟ್ ನಿಂತ ಟ್ಯಾಬ್‌ನಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಟ್ಯಾಬ್ ಗೆಲ್ಲುವ ಕಡೆ

ಮಗಳು ಕೇಳಿದ್ದು ಸರಿಯಾಗಿಯೇ ಇದೆ. ಸೂತ್ರ, ಚಿತ್ರ, ಬಾಣದ ಗುರುತು ತುಂಬಿದ ನೋಟ್ಸನ್ನು ಕೀಬೋರ್ಡ್‌ನಲ್ಲಿ ಬರೆಯಲಾಗುವುದಿಲ್ಲ. ಶಿಕ್ಷಕರು ಕೊಟ್ಟ ಪಿಡಿಎಫ್ ಮೇಲೇ ಬರೆಯಬಹುದು, ಬರೆದದ್ದರಲ್ಲಿ ಪದ ಹುಡುಕಬಹುದು, ಹತ್ತು ಪುಸ್ತಕ ಹೊರುವುದು ತಪ್ಪುತ್ತದೆ. ಮುಚ್ಚಳ ತೆರೆದ ಕ್ಷಣ ಪರದೆ ಸಿದ್ಧ. ಹತ್ತು-ಹನ್ನೊಂದು ಇಂಚಿನ ಟ್ಯಾಬ್ ಅರ್ಧ ಕಿಲೋ ಆಸುಪಾಸು ತೂಗುತ್ತದೆ, ಕಾಲೇಜಿನ ದಿನವನ್ನು ಒಂದೇ ಚಾರ್ಜ್‌ನಲ್ಲಿ ಮುಗಿಸುತ್ತದೆ. ಕಾಗದವನ್ನು ಸ್ಕ್ಯಾನ್ ಮಾಡಲು ಹಿಂದಿನ ಕ್ಯಾಮೆರಾ ಸಾಕು. ತೂಕದ ವಿಷಯದಲ್ಲಿ ಒಂದು ಮಾತು: 12.9 ಇಂಚಿನ ಐಪ್ಯಾಡ್ ಪ್ರೊ ಸುಮಾರು 680 ಗ್ರಾಂ ಇದ್ದರೂ ಅದರ ಮ್ಯಾಜಿಕ್ ಕೀಬೋರ್ಡ್ ಹಾಕಿದಾಗ 1.4 ಕಿಲೋ ಹತ್ತಿರಕ್ಕೆ ಹೋಗುತ್ತದೆ. ಎಂ1 ಮ್ಯಾಕ್‌ಬುಕ್ ಏರ್ ಇರುವುದು 1.29 ಕಿಲೋ. ಕೀಬೋರ್ಡ್ ಸದಾ ಅಂಟಿಕೊಂಡೇ ಇರುವುದಾದರೆ ಹಗುರ ಎಂಬ ಲಾಭ ಉಳಿಯುವುದಿಲ್ಲ.

ಪೆನ್ ಎಂದರೆ ಎಲ್ಲವೂ ಒಂದೇ ಅಲ್ಲ. ತುದಿಯಲ್ಲಿ ರಬ್ಬರ್ ಇರುವ ಅಗ್ಗದ ಪೆನ್ ಬೆರಳಿಗೆ ಬದಲಿ ಅಷ್ಟೇ. ಅಂಗೈ ಪರದೆಗೆ ತಾಗಿದ ಕೂಡಲೇ ಗೀರು ಬೀಳುತ್ತದೆ. ಬೇಕಾದ್ದು ಆ್ಯಕ್ಟಿವ್ ಪೆನ್. ಪೆನ್ ಪರದೆಯ ಹತ್ತಿರ ಬಂದಾಗ ಟ್ಯಾಬ್ ಅಂಗೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಕಂಪನಿಯ ಪೆನ್ ಇನ್ನೊಂದರ ಟ್ಯಾಬ್‌ಗೆ ಆಗುತ್ತದೆ ಎಂದು ಭಾವಿಸಬೇಡಿ. ಆಪಲ್‌ನಲ್ಲೇ ನಾಲ್ಕು ಬಗೆಯ ಪೆನ್ಸಿಲ್‌ಗಳಿವೆ, ಯಾವ ಐಪ್ಯಾಡ್‌ಗೆ ಯಾವುದು ಎಂಬ ಪಟ್ಟಿ ನೋಡಿಯೇ ಕೊಳ್ಳಬೇಕು. ಅದರಲ್ಲಿ ಯುಎಸ್‌ಬಿ ಸಿ ಪೆನ್ಸಿಲ್‌ಗೆ ಒತ್ತಡ ಗುರುತಿಸುವ ಶಕ್ತಿ ಇಲ್ಲ. ನೋಟ್ಸ್‌ಗೆ ಅದು ಸಾಕು, ಚಿತ್ರ ಬಿಡಿಸುವವರಿಗೆ ಸಾಲದು. ಗಾಜಿನ ಮೇಲೆ ಪೆನ್ ಜಾರುತ್ತದೆಂದು ಮ್ಯಾಟ್ ಹಾಳೆ ಅಂಟಿಸುತ್ತಾರೆ. ಬರೆಯಲು ಹಿತ, ಆದರೆ ಪರದೆ ತುಸು ಮಂಕಾಗುತ್ತದೆ, ಪೆನ್ನಿನ ತುದಿ ಬೇಗ ಸವೆಯುತ್ತದೆ.

ಆದರೆ ಎಂಜಿನಿಯರಿಂಗ್ ಪೂರ್ತಿ ಟ್ಯಾಬ್ ಒಂದರಲ್ಲೇ ಸಾಗದು. ಸಾಲಿಡ್‌ವರ್ಕ್ಸ್‌ನಂಥ ವಿನ್ಯಾಸದ ಸಾಫ್ಟ್‌ವೇರ್ ವಿಂಡೋಸ್‌ನಲ್ಲಷ್ಟೇ ನಡೆಯುತ್ತದೆ. ಆಟೋಕ್ಯಾಡ್, ಮ್ಯಾಟ್‌ಲ್ಯಾಬ್‌ಗಳಿಗೆ ಟ್ಯಾಬ್ ಆ್ಯಪ್ ಇದ್ದರೂ ಅವು ಪೂರ್ಣ ಆವೃತ್ತಿಗಳಲ್ಲ. ಪೈಥಾನ್, ಸಿ ಭಾಷೆಗಳ ಮೊದಲ ಪಾಠ ಟ್ಯಾಬ್‌ನಲ್ಲಿ ಆಗುತ್ತದೆ. ಹಲವು ಫೈಲ್‌ಗಳ ಪ್ರಾಜೆಕ್ಟ್, ಡೇಟಾಬೇಸ್, ಮೈಕ್ರೊಕಂಟ್ರೋಲರ್ ಬೋರ್ಡ್‌ಗೆ ಪ್ರೋಗ್ರಾಂ ತುಂಬುವುದು ಬಂದಾಗ ಕಂಪ್ಯೂಟರ್ ಬೇಕೇ ಬೇಕು. ಕಾಲೇಜಿನಿಂದ ನಾಲ್ಕೂ ವರ್ಷದ ಸಾಫ್ಟ್‌ವೇರ್ ಪಟ್ಟಿಯನ್ನು ಮೊದಲೇ ಕೇಳಿ ತನ್ನಿ. ಆನ್‌ಲೈನ್ ಪರೀಕ್ಷೆಗಳಿದ್ದರೆ ನಿಗಾ ಇಡುವ ಸಾಫ್ಟ್‌ವೇರ್ ಟ್ಯಾಬ್‌ನಲ್ಲಿ ಒಪ್ಪುತ್ತದೆಯೇ ಎಂದೂ ಕೇಳಿ.

ನಿಮಗಿರುವ ದಾರಿಗಳು

ನನ್ನ ಮೊದಲ ಆಯ್ಕೆ ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಮತ್ತು ರ‍್ಯಾಮ್ ಹಾಕಿಸಿ, ಮಗಳಿಗೆ ಮಧ್ಯಮ ದರ್ಜೆಯ ಟ್ಯಾಬ್ ಕೊಡಿಸುವುದು. ಈ ಬಿಡಿಭಾಗಗಳ ಖರ್ಚು ಹೊಸ ಲ್ಯಾಪ್‌ಟಾಪಿನ ಒಂದು ಸಣ್ಣ ಪಾಲಷ್ಟೇ, ಹಾಗಾಗಿ “ಒಂದೇ ಸಾಧನ” ಎಂಬ ನಿಮ್ಮ ಮಿತಿಯೂ ಮೀರುವುದಿಲ್ಲ. ಭಾರದ ಸಾಫ್ಟ್‌ವೇರ್ ಶುರುವಾಗುವ ಹೊತ್ತಿಗೆ ಮಗಳಿಗೆ ಬೇರೆ ಲ್ಯಾಪ್‌ಟಾಪ್ ಬೇಕಾದೀತು, ಆಗ ಏನು ಬೇಕೆಂದು ನಿಖರವಾಗಿ ಗೊತ್ತಿರುತ್ತದೆ.

ಲ್ಯಾಪ್‌ಟಾಪ್ ನಿಧಾನವಾಗಿರುವುದು ವಯಸ್ಸಿನಿಂದಲ್ಲ ಎಂದು ನೀವೇ ಖಚಿತ ಮಾಡಿಕೊಳ್ಳಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್ ವಿಭಾಗ ನೋಡಿ. ಡಿಸ್ಕ್ ಶೇ 100ರ ಹತ್ತಿರ ನಿಂತಿದ್ದು ಸಿಪಿಯು ಸುಮ್ಮನೆ ಕೂತಿದ್ದರೆ ಕಾಯಿಸುತ್ತಿರುವುದು ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಯ ಮೇಲೆ ಮುಳ್ಳು ಓಡಾಡಿ ಪ್ರತಿ ಚೂರನ್ನೂ ಹುಡುಕಬೇಕು. ಚದುರಿದ ಸಣ್ಣ ಫೈಲ್‌ಗಳಾದರೆ ಅದು ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ಓದಬಲ್ಲದು. ಎಸ್‌ಎಸ್‌ಡಿ ಅದನ್ನೇ ಸಾವಿರಾರು ಸಲ ಮಾಡುತ್ತದೆ. ವಿಂಡೋಸ್ ಏಳುವಾಗ ಇಂಥ ಸಣ್ಣ ಓದುಗಳೇ ಹೆಚ್ಚು. ಅದೇ ಪುಟದ ಮೆಮೊರಿ ಭಾಗದಲ್ಲಿ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಬಳಕೆಯಲ್ಲಿವೆ ಎಂದೂ ಕಾಣುತ್ತದೆ. ಒಂದು ಖಾಲಿ ಇದ್ದರೆ 8 ಜಿಬಿ ಕಡ್ಡಿ ಸೇರಿಸಿ ಒಟ್ಟು 12 ಮಾಡಿಕೊಳ್ಳಬಹುದು. ಡಿಡಿಆರ್3 ಮತ್ತು ಡಿಡಿಆರ್4 ಎಂಬ ಎರಡು ಪೀಳಿಗೆಯ ರ‍್ಯಾಮ್ ಕಡ್ಡಿಗಳ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಒಂದರ ಬದಲು ಇನ್ನೊಂದು ಕೂರುವುದಿಲ್ಲ. ಮಾದರಿಯ ಹೆಸರಿನಿಂದ ನೋಡಿಕೊಂಡು ತನ್ನಿ. ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿದ್ದು ಸ್ಲಾಟ್ ಇಲ್ಲದಿದ್ದರೆ ಎಸ್‌ಎಸ್‌ಡಿ ಒಂದರಿಂದಲೇ ತೃಪ್ತಿಪಡಬೇಕು. ಆಗಲೂ ವ್ಯತ್ಯಾಸ ಎದ್ದು ಕಾಣುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮುಖ್ಯ ಫೈಲ್‌ಗಳನ್ನು ಮೊದಲು ಬೇರೆ ಡಿಸ್ಕ್‌ಗೆ ನಕಲಿಸಿ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಚಾಲೂ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡು ಅದನ್ನು ಆಫ್ ಮಾಡಿ. ಇದನ್ನು ಮರೆತವರು ಕೊನೆಗೆ ನೀಲಿ ಪರದೆಯ ಮುಂದೆ ಕೀ ಹುಡುಕುತ್ತಾ ಕೂರುತ್ತಾರೆ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಂದು, ಈಗ ತುಂಬಿರುವ ಡೇಟಾಕ್ಕಿಂತ ಹೆಚ್ಚು ಜಾಗ ಅದರಲ್ಲಿದೆ ಎಂದು ನೋಡಿಕೊಂಡು, ಯುಎಸ್‌ಬಿ-ಸಾಟಾ ಕೇಬಲ್‌ನಲ್ಲಿ ಜೋಡಿಸಿ ಕ್ಲೋನ್ ಮಾಡಿ, ಅಂದರೆ ಹಳೆಯ ಡಿಸ್ಕ್‌ನಲ್ಲಿರುವುದನ್ನೆಲ್ಲ ಇದ್ದಂತೆಯೇ ನಕಲಿಸಿ. ಮುಗಿದ ಮೇಲೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಆರುವುದಿಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ಬೇರ್ಪಡಿಸಿ, ಡಿಸ್ಕ್ ಬದಲಿಸಿ. ಮೊದಲ ಸಲ ಆನ್ ಮಾಡುವಾಗ ಹಳೆಯ ಡಿಸ್ಕ್ ಯುಎಸ್‌ಬಿಯಲ್ಲಿ ಜೋಡಿಸಿರಬಾರದು. ಎರಡರ ಗುರುತೂ ಒಂದೇ ಆದ್ದರಿಂದ ಯಾವುದರಿಂದ ಏಳಬೇಕು ಎಂಬ ಗೊಂದಲ ಆಗಬಹುದು.

ಈ ದಾರಿಯಲ್ಲಿ ಒಂದು ಅಡಚಣೆಯಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್ ಬೇಕು. ನಿಮ್ಮದು ಸರಿಯಾಗಿ ಗಡಿಯಲ್ಲಿದೆ. ಬಿಡಿಭಾಗ ಕೊಳ್ಳುವ ಮೊದಲು ಮೈಕ್ರೊಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆ್ಯಪ್ ಓಡಿಸಿ ನೋಡಿ. ಆಗುವುದಿಲ್ಲ ಎಂದರೆ ಈ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕಬೇಡಿ. ಲಿನಕ್ಸ್ ಹಾಕಿದರೆ ಯಂತ್ರ ಚುರುಕಾಗುತ್ತದೆ ನಿಜ, ಆದರೆ ನಿಮ್ಮ ಮ್ಯಾಕ್ರೊ ಮತ್ತು ಟೋಕನ್ ಮತ್ತೆ ಸಂಕಟಕ್ಕೆ ಬೀಳುತ್ತವೆ.

ಹಾಗಾದಾಗ ಉಳಿಯುವುದು ಟೂ-ಇನ್-ಒನ್: ಪರದೆ ಮಡಚುವ ಅಥವಾ ಕಳಚುವ, ಪೆನ್ ಒಪ್ಪುವ ವಿಂಡೋಸ್ ಯಂತ್ರ. ಮ್ಯಾಕ್ರೊ ನಡೆಯುತ್ತದೆ, ಟೋಕನ್ ನಡೆಯುತ್ತದೆ, ಮಗಳು ಬರೆಯಬಹುದು. ಆದರೆ ಐಪ್ಯಾಡ್‌ನಷ್ಟು ಹಗುರವಿಲ್ಲ, ಬ್ಯಾಟರಿ ಅಷ್ಟು ಬಾಳುವುದಿಲ್ಲ, ಬೆರಳಿಗೆಂದು ಮಾಡಿದ ಆ್ಯಪ್‌ಗಳು ಕಡಿಮೆ. ಒಂದೇ ಯಂತ್ರವಾದ್ದರಿಂದ ಅವಳು ಕಾಲೇಜಿಗೆ ಒಯ್ದಾಗ ನಿಮ್ಮ ಬಿಲ್ ನಿಲ್ಲುತ್ತದೆ ಎನ್ನುವುದನ್ನೂ ಯೋಚಿಸಿ. ಕೊಳ್ಳುವಾಗ ಇಂಟೆಲ್ ಅಥವಾ ಎಎಂಡಿ ಚಿಪ್ ಇರುವುದನ್ನೇ ಆರಿಸಿ. ಫೋನ್‌ಗಳಲ್ಲಿರುವ ಬಗೆಯ ಆರ್ಮ್ ಚಿಪ್‌ನ ಹೊಸ ವಿಂಡೋಸ್ ಯಂತ್ರಗಳು ಹಳೆಯ ಪ್ರೋಗ್ರಾಂಗಳನ್ನು ಅನುಕರಣೆಯ ಮೂಲಕ ಓಡಿಸುತ್ತವೆ, ಆದರೆ ಡ್ರೈವರ್‌ಗಳನ್ನು ಹಾಗೆ ಓಡಿಸಲಾಗದು. ನಿಮ್ಮ ಪ್ರಿಂಟರ್ ಮತ್ತು ಟೋಕನ್ ಕೈಕೊಡುವುದು ಅಲ್ಲೇ.

ಟ್ಯಾಬ್ ಒಂದನ್ನೇ ಇಟ್ಟುಕೊಂಡು, ಮನೆಯ ಲ್ಯಾಪ್‌ಟಾಪ್‌ಗೆ ದೂರದಿಂದ ಸಂಪರ್ಕಿಸುವ ದಾರಿಯನ್ನು ಕೆಲವರು ಸೂಚಿಸುತ್ತಾರೆ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಿಂದ ಅದು ಸಾಧ್ಯ. ಆದರೆ ಆ ಲ್ಯಾಪ್‌ಟಾಪ್ ಸದಾ ಚಾಲೂ ಇರಬೇಕು. ನಿಧಾನದ ಲ್ಯಾಪ್‌ಟಾಪ್ ದೂರದಿಂದ ನೋಡಿದರೂ ನಿಧಾನವೇ.

ಟ್ಯಾಬ್ ಆರಿಸುವಾಗ

ಮಗಳಿಗೆ 10.5ರಿಂದ 11 ಇಂಚಿನ ಪರದೆ ಬರೆಯಲು ಸಾಕು. ಆಂಡ್ರಾಯ್ಡ್ ಆದರೆ ನಿಜವಾದ ರ‍್ಯಾಮ್ 6 ಜಿಬಿಗಿಂತ ಕಡಿಮೆ ಬೇಡ, 8 ಇದ್ದರೆ ನೆಮ್ಮದಿ. ಸ್ಟೋರೇಜ್ 128 ಜಿಬಿ ಇರಲಿ; 64ರಲ್ಲಿ ಸಿಸ್ಟಂ ಒಂದು ದೊಡ್ಡ ಪಾಲು ನುಂಗುತ್ತದೆ, ಮೆಮೊರಿ ಕಾರ್ಡ್ ಹಾಕಿದರೂ ಹೆಚ್ಚಿನ ಆ್ಯಪ್‌ಗಳು ಅದಕ್ಕೆ ಸ್ಥಳಾಂತರವಾಗುವುದಿಲ್ಲ. ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೇವೆಂದು ಕಂಪನಿ ಬರೆದುಕೊಟ್ಟಿದೆಯೋ ನೋಡಿ. ಆ ಲೆಕ್ಕ ಶುರುವಾಗುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ದೊಡ್ಡ ಮಾನಿಟರ್‌ಗೆ ಜೋಡಿಸುವ ಆಸೆಯಿದ್ದರೆ ಯುಎಸ್‌ಬಿ ಸಿ ಕಿಂಡಿಯಿಂದ ಚಿತ್ರ ಹೊರಬರುತ್ತದೆಯೇ ಎಂದು ಕೇಳಿ. ಕಿಂಡಿಯ ಆಕಾರ ಒಂದೇ ಇದ್ದರೂ ಅಗ್ಗದ ಟ್ಯಾಬ್‌ಗಳಲ್ಲಿ ಅದು ಚಾರ್ಜಿಂಗ್‌ಗೂ ಸೆಕೆಂಡಿಗೆ 480 ಮೆಗಾಬಿಟ್ ವೇಗದ ಯುಎಸ್‌ಬಿ 2.0 ಮೂಲಕ ಫೈಲ್ ಸಾಗಿಸುವುದಕ್ಕೂ ಮಾತ್ರ. ತಮ್ಮನವರು ಹೇಳಿದ ಸಿನಿಮಾಕ್ಕೂ ಒಂದು ಪರೀಕ್ಷೆ ಉಂಟು: ವೈಡ್‌ವೈನ್ ಎಲ್1 (ವಿಡಿಯೊ ಕಳ್ಳನಕಲು ತಡೆಯುವ ವ್ಯವಸ್ಥೆಯ ಮೇಲಿನ ದರ್ಜೆ) ಇಲ್ಲದ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಹೆಚ್ಚಿನ ಚಂದಾ ಸೇವೆಗಳು ಎಚ್‌ಡಿ ಗುಣಮಟ್ಟ ಕೊಡುವುದಿಲ್ಲ, ಪರದೆ ಎಷ್ಟೇ ಚೆನ್ನಾಗಿರಲಿ.

ದುರಸ್ತಿ ಟ್ಯಾಬ್‌ನ ದೊಡ್ಡ ದೌರ್ಬಲ್ಯ. ಪರದೆ, ಬ್ಯಾಟರಿ ಎರಡೂ ಅಂಟಿನಿಂದ ಕೂತಿರುತ್ತವೆ, ಸ್ಟೋರೇಜ್ ಬೋರ್ಡ್‌ಗೇ ಬೆಸುಗೆ. ಬೋರ್ಡ್ ಹೋದರೆ ಡೇಟಾವೂ ಹೋಯಿತು. ಹಳೆಯ ಲ್ಯಾಪ್‌ಟಾಪಿನಂತೆ ಡಿಸ್ಕ್ ಕಳಚಿ ಇನ್ನೊಂದಕ್ಕೆ ಹಾಕಲಾಗದು. ಅವಳ ನೋಟ್ಸ್ ಆ್ಯಪ್‌ನಲ್ಲಿ ಕ್ಲೌಡ್ ಬ್ಯಾಕಪ್ ಮೊದಲ ದಿನವೇ ಆನ್ ಆಗಲಿ, ಪ್ರತಿ ಸೆಮಿಸ್ಟರ್ ಮುಗಿದಾಗ ಎಲ್ಲವನ್ನೂ ಪಿಡಿಎಫ್ ಮಾಡಿ ಲ್ಯಾಪ್‌ಟಾಪ್‌ಗೆ ಸಾಗಿಸಲಿ. ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿಟ್ಟರೆ ಬ್ಯಾಟರಿ ಬೇಗ ಸೊರಗುತ್ತದೆ, ಬಿಸಿಯಾದರೆ ಉಬ್ಬುವುದೂ ಉಂಟು. ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದ್ದರೆ ಬಳಸಿ.

ಕಣ್ಣಿನ ವಿಷಯ: ಎರಡೂ ಪರದೆಗಳ ಬೆಳಕು ಒಂದೇ ಬಗೆಯದು, ವ್ಯತ್ಯಾಸ ಇರುವುದು ದೂರದಲ್ಲಿ. ಟ್ಯಾಬನ್ನು ಸಾಮಾನ್ಯವಾಗಿ 30-40 ಸೆಂಟಿಮೀಟರ್‌ನಲ್ಲಿ ಹಿಡಿಯುತ್ತೇವೆ, ಮೇಜಿನ ಮಾನಿಟರ್ 50-70ರಲ್ಲಿ ಇರುತ್ತದೆ. ಹತ್ತಿರದ್ದನ್ನು ಬಹಳ ಹೊತ್ತು ನೋಡಿದರೆ ಕಣ್ಣಿನ ಸ್ನಾಯುಗಳು ದಣಿಯುತ್ತವೆ, ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಟ್ಯಾಬನ್ನು ಓರೆಯಾದ ಸ್ಟ್ಯಾಂಡ್ ಮೇಲಿಡಿ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕುವ ಅಗತ್ಯ ನನಗೆ ಕಂಡಿಲ್ಲ. ಕಣ್ಣಿಗಿಂತ ಮೊದಲು ದೂರು ಹೇಳುವುದು ಕುತ್ತಿಗೆ. ತೊಡೆಯ ಮೇಲಿಟ್ಟುಕೊಂಡು ಬಗ್ಗಿ ಬರೆಯುವುದನ್ನು ಬಿಡಿಸಿ.

ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹೊರಗೆ ಬಂದ ಹಳೆಯ ಹಾರ್ಡ್ ಡಿಸ್ಕನ್ನು ತಕ್ಷಣ ಅಳಿಸಬೇಡಿ. ತಿಂಗಳ ಸಹಿ, ಬಿಲ್ಲು, ಪ್ರಿಂಟ್ ಎಲ್ಲವೂ ಒಂದು ಸುತ್ತು ಸರಿಯಾಗಿ ಆಗುವವರೆಗೆ ಹಾಗೇ ಇರಲಿ. ಆಮೇಲೆ ಅದರ ಆರೋಗ್ಯ ಪರೀಕ್ಷಿಸಿ, ಯುಎಸ್‌ಬಿ ಕವಚಕ್ಕೆ ಹಾಕಿ ಎಕ್ಸ್‌ಫ್ಯಾಟ್ ಮಾಡಿದರೆ ಲ್ಯಾಪ್‌ಟಾಪ್, ಟ್ಯಾಬ್ ಎರಡರ ಬ್ಯಾಕಪ್‌ಗೂ ಆಗುತ್ತದೆ. ಟ್ಯಾಬ್‌ಗೆ ಜೋಡಿಸಿದಾಗ ಡಿಸ್ಕ್ ಕಾಣಿಸದೆ ಟಿಕ್ ಟಿಕ್ ಸದ್ದು ಬಂದರೆ ಟ್ಯಾಬ್ ಕೊಡುವ ವಿದ್ಯುತ್ ಅದಕ್ಕೆ ಸಾಲುತ್ತಿಲ್ಲವೇ ಎಂದು ಮೊದಲು ನೋಡಿ. ಪ್ರತ್ಯೇಕ ವಿದ್ಯುತ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ. ಲ್ಯಾಪ್‌ಟಾಪ್‌ನಲ್ಲೂ ಅದೇ ಸದ್ದು ಬಂದರೆ ಡಿಸ್ಕ್ ಸಾಯುತ್ತಿದೆ, ಅದನ್ನು ಬ್ಯಾಕಪ್‌ಗೆ ನಂಬಬೇಡಿ.